ಪ್ರಶ್ನೆ ನಿಮ್ಮದು: ಬೇರೆಯವರ ಹಾಡು, ನಮ್ಮ ಆಲ್ಬಂ

ಪ್ರಶ್ನೆ: ಸರ್, ಇಂಜಿನಿಯರಿಂಗ್ ಓದೋ ನಾಲ್ಕು ಜನ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೇವೆ. ಹಳೇ ಕನ್ನಡ ಹಾಡುಗಳನ್ನ ನಮ್ಮ ಸ್ಟೈಲ್‌ನಲ್ಲಿ ಹಾಡಿ ಆಲ್ಬಂ ಮಾಡೋ ಆಸೆ. ‘ಸ್ವಂತದ್ದು ಒಂದೂ ಇಲ್ವಾ’ ಅಂತ ಗೆಳೆಯರು ನಗ್ತಾರೆ. ಮಾಡಬಹುದಾ? ಪರ್ಮಿಶನ್ ಬೇಕಾ?
— ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಧಾರಾಳವಾಗಿ ಮಾಡಿ. ನಗೋರಿಗೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಕಥೆ ಹೇಳಿ. 1964ರ ಅವರ ಮೊದಲ ಆಲ್ಬಂನಲ್ಲಿ ಬಹುಪಾಲು ಬೇರೆಯವರ ಹಾಡೇ. 2015ರ ಡಿಸೆಂಬರ್‌ನಲ್ಲಿ ಸ್ವಂತ ಹಾಡು ರೆಕಾರ್ಡ್ ಮಾಡೋಕೆ ಲಂಡನ್ನಿನ ಸ್ಟುಡಿಯೋಗೆ ಹೋದವರು, ಕೈ ಪಳಗಿಸಿಕೊಳ್ಳೋಣ ಅಂತ ಹಳೇ ಬ್ಲೂಸ್ (ಅಮೆರಿಕದ ಕಪ್ಪುಜನರ ಹಾಡು) ಶುರುಮಾಡಿ ಮೂರೇ ದಿನದಲ್ಲಿ 12 ಕವರ್, ಅಂದರೆ ಬೇರೆಯವರ ಹಾಡನ್ನ ತಾವು ಹಾಡಿದ್ದು, ಮುಗಿಸಿದರು. ಅವರ ಗಾಯಕ ಮಿಕ್ ಜಾಗರ್‌ಗೆ ಆಗ 72 ವರ್ಷ. ಆ ‘ಬ್ಲೂ ಆಂಡ್ ಲೋನ್ಸಮ್’ಗೆ 2018ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಆದರೆ ಆರ್ಕೆಸ್ಟ್ರಾ ಬೇರೆ, ಆಲ್ಬಂ ಬೇರೆ. ನಮ್ಮೂರ ಗಣಪತಿ ಪೆಂಡಾಲುಗಳಲ್ಲಿ ಕೀಬೋರ್ಡ್ ನುಡಿಸಿ ಹೊಟ್ಟೆ ಹೊರೆದವನು ನಾನು. ಚರಣಕ್ಕೆ ಮುಂಚೆ ಬರೋ ಕೊಳಲಿನ ಬಿಟ್ ಕ್ಯಾಸೆಟ್‌ನಲ್ಲಿದ್ದ ಹಾಗೇ ಬರಬೇಕು. ಒಂದು ಸ್ವರ ಆಚೀಚೆ ಆದರೂ ಮುಂದಿನ ಸಾಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದವರ ಕೈ ನಿಂತುಬಿಡ್ತಿತ್ತು. ಆಲ್ಬಂನಲ್ಲಿ ಆ ಕಸರತ್ತು ಬೇಡ. ಮೂಲ ಹಾಡು ಎಲ್ಲರ ಫೋನ್‌ನಲ್ಲೇ ಇರುವಾಗ ನಕಲು ಯಾರಿಗೆ ಬೇಕು?

ನಿಮ್ಮ ಥರ ಬದಲಿಸಿ ಹಾಡಬೇಕು. ಪರ್ಮಿಶನ್ ತೊಡಕು ಇಲ್ಲೇ. ಕಾಪಿರೈಟ್ ಕಾಯ್ದೆಯ 31ಸಿ ಕಲಂ ಪ್ರಕಾರ, ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿದ್ದರೆ, ಹಕ್ಕುದಾರರಿಗೆ ನೋಟಿಸ್ ಕೊಟ್ಟು, ಅವರಿಗೆ ಸಲ್ಲಬೇಕಾದ ಹಣ (ರಾಯಲ್ಟಿ) ಮುಂಗಡ ಕಟ್ಟಿ ಕವರ್ ಮಾಡಬಹುದು. ಹಾಡೊಂದಕ್ಕೆ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಹಾಸ್ಟೆಲ್ ಹುಡುಗರು ಎಲ್ಲಿಂದ ತರ್ತೀರಿ! ಇಷ್ಟು ಕಟ್ಟಿದರೂ ಸಾಹಿತ್ಯ, ಸಂಗೀತ ಬದಲಿಸೋ ಹಾಗಿಲ್ಲ. ಅದಕ್ಕೆ ಹಕ್ಕುದಾರರ ಒಪ್ಪಿಗೆಯೇ ಬೇಕು.

ಅದಕ್ಕೇ ಹೇಳ್ತೀನಿ, ಶರೀಫಜ್ಜನ ಹತ್ತಿರ ಹೋಗಿ. ಅವರು ತೀರಿಕೊಂಡಿದ್ದು 1889ರಲ್ಲಿ, ಪದಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಹುಷಾರು, ‘ಕೋಡಗನ ಕೋಳಿ ನುಂಗಿತ್ತ’ ಅಂದಕೂಡಲೇ ನಾಲಿಗೆ ಮೇಲೆ ಬರೋ ಧಾಟಿ ಸಿ. ಅಶ್ವತ್ಥ್ ಅವರದ್ದು. ಅವರು ಹೋಗಿದ್ದು 2009ರಲ್ಲಿ. ಹಕ್ಕು ಇನ್ನೂ 2069ರ ಕೊನೆವರೆಗೆ ಇದೆ. ಪದ ತಗೊಳ್ಳಿ, ಧಾಟಿ ನೀವೇ ಕಟ್ಟಿ. ಜನಪದಕ್ಕೆ ರಾಕ್ ಹಚ್ಚಿದವರು ಮೊದಲೇ ಇದ್ದಾರೆ. ‘ವಿಸ್ಕಿ ಇನ್ ದ ಜಾರ್’ ಐರ್ಲೆಂಡಿನ ಜನಪದ ಹಾಡು. 1972ರಲ್ಲಿ ಅಲ್ಲಿನ ರಾಕ್ ಬ್ಯಾಂಡ್ ಥಿನ್ ಲಿಝಿ ಅದಕ್ಕೆ ಗಿಟಾರ್ ಹಾಕಿದರು. 1998ರಲ್ಲಿ ಅಮೆರಿಕದ ಬ್ಯಾಂಡ್ ಮೆಟಾಲಿಕಾ ಅಲ್ಲಿಂದ ಎತ್ತಿಕೊಂಡು ‘ಗರಾಜ್ ಇಂಕ್’ ಅನ್ನೋ ಕವರ್ ಆಲ್ಬಂಗೆ ಸೇರಿಸಿದರು. ಆ ಹಾಡಿಗೂ ಗ್ರ್ಯಾಮಿ ಸಿಕ್ಕಿತು. ಸ್ಟುಡಿಯೋ ಬುಕ್ ಮಾಡೋ ಮುಂಚೆ ನಿಮ್ಮ ಡ್ರಮ್ಸ್ ಹುಡುಗನನ್ನ ಒಂದು ರಾತ್ರಿ ಭಜನೆ ಮೇಳಕ್ಕೆ ಕರ್ಕೊಂಡು ಹೋಗಿ, ದಮ್ಮಡಿ ಪೆಟ್ಟು ಕೇಳಿಸಿ.

ಪ್ರಶ್ನೆ: ಕವರ್ ಯಾವತ್ತಾದರೂ ಮೂಲವನ್ನ ಮೀರಿದ್ದುಂಟಾ?
— ಓದುಗಿ, ಚಿತ್ರದುರ್ಗ

ಉತ್ತರ: ಉಂಟಮ್ಮ. ಬಾಬ್ ಡಿಲನ್ 1967ರಲ್ಲಿ ಹಾಡಿದ ‘ಆಲ್ ಅಲಾಂಗ್ ದ ವಾಚ್‌ಟವರ್’ ಅನ್ನ ಮರುವರ್ಷ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹಾಡಿದ. ಆಮೇಲೆ ಡಿಲನ್ನೇ ವೇದಿಕೆ ಮೇಲೆ ಹೆಂಡ್ರಿಕ್ಸ್ ಧಾಟಿ ಹಿಡಿದ.