ಬಾಕ್ಸಿಂಗ್ ಆಡಿದರೆ ಸಂಶೋಧನೆ ಆಗುತ್ತಾ?

ಹಾವೇರಿಯ ಓದುಗರೊಬ್ಬರು ಕೇಳಿದ್ದಾರೆ: ಹೋದ ಸಂಚಿಕೆಯಲ್ಲಿ ಸಮಾಜಶಾಸ್ತ್ರಜ್ಞ ಲೋಯಿಕ್ ವಾಕಾಂ ಬಗ್ಗೆ ಓದಿದೆ. ಬಡತನದ ಬಗ್ಗೆ ಪಿಎಚ್‌.ಡಿ. ಮಾಡಲು ಹೋದವರು ಮೂರು ವರ್ಷ ಬಾಕ್ಸಿಂಗ್ ಆಡಿದರೆ ಅದು ಹವ್ಯಾಸ ಅಲ್ವಾ? ಕೊನೆಗೆ ಪಂದ್ಯವನ್ನಾದರೂ ಗೆದ್ದರಾ?

ಉತ್ತರ: ನಿಮ್ಮ ಅನುಮಾನ ಸಹಜ. ಆದರೆ ವಾಕಾಂ ಬಾಕ್ಸಿಂಗ್ ಹುಚ್ಚಿನಿಂದ ಷಿಕಾಗೋಗೆ ಹೋದವರಲ್ಲ. ಬೆಳೆದದ್ದು ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಕಡೆ. ಮೊದಲು ಓದಿದ್ದು ಅರ್ಥಶಾಸ್ತ್ರ. ಫ್ರಾನ್ಸಿನ ಹೆಸರಾಂತ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದಿಯೂ ಅವರ ಭಾಷಣ ಕೇಳಿದ ಮೇಲೆ ಸಮಾಜಶಾಸ್ತ್ರದ ಕಡೆ ತಿರುಗಿದರು. ಷಿಕಾಗೋದಲ್ಲಿ ಅವರ ಗುರು ವಿಲಿಯಂ ಜೂಲಿಯಸ್ ವಿಲ್ಸನ್. ಕಪ್ಪುಜನರ ಬಡತನದ ಬಗ್ಗೆ ಅಂಕಿಅಂಶ ಅಲ್ಲಿ ರಾಶಿ ಇತ್ತು. ಇವರಿಗೆ ಬೇಕಿದ್ದದ್ದು ಆ ಜನರ ನಡುವೆ ದಿನಾ ಹೋಗಿ ಕೂರಲು ಒಂದು ನೆಪ. ವಿಶ್ವವಿದ್ಯಾಲಯದ ಪಕ್ಕದ ವುಡ್‌ಲಾನ್‌ನಲ್ಲಿ, 1988ರಲ್ಲಿ, ಒಂದು ಬಾಕ್ಸಿಂಗ್ ಜಿಮ್ ಸಿಕ್ಕಿತು. ಅಲ್ಲಿದ್ದವರೆಲ್ಲ ಕಪ್ಪುಜನ, ಇವರೊಬ್ಬರೇ ಬಿಳಿಯ. ಅಮೆರಿಕದವರಲ್ಲ, ಫ್ರೆಂಚರು ಅನ್ನುವುದೂ ಇವರ ನೆರವಿಗೆ ಬಂತು.

ಅಭ್ಯಾಸ ಮುಗಿದ ಮೇಲೆ ಮನೆಗೆ ಬಂದು ಎಲ್ಲವನ್ನೂ ಬರೆದಿಡುತ್ತಿದ್ದರು. ಆ ಟಿಪ್ಪಣಿಗಳು ಎರಡು ಸಾವಿರ ಪುಟ ದಾಟಿದವು. ಬರೀ ಹವ್ಯಾಸಕ್ಕೆ ಯಾರು ಇಷ್ಟು ಬರೀತಾರೆ?

ಅವರು ಕಂಡದ್ದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಒಂದಿದೆ. ಹೊಟ್ಟೆಗಿಲ್ಲದವರೇ ಒಳ್ಳೆಯ ಬಾಕ್ಸರ್ ಆಗ್ತಾರೆ ಅಂತ ಎಲ್ಲರೂ ನಂಬಿದ್ದರು. ಆದರೆ ಜಿಮ್‌ಗೆ ಬಂದು ಉಳಿಯುತ್ತಿದ್ದವರು ಕಡುಬಡವರಲ್ಲ, ಕೂಲಿಯೋ ಕೆಲಸವೋ ಒಂದಿಷ್ಟು ಗಟ್ಟಿ ಇದ್ದ ಮನೆಗಳ ಹುಡುಗರು. ಹೊತ್ತಿಗೆ ಸರಿಯಾಗಿ ಬರಬೇಕು, ತೂಕ ಕಾಯಬೇಕು, ಊಟ ನಿದ್ದೆ ಎಲ್ಲದರಲ್ಲೂ ಹಿಡಿತ ಇರಬೇಕು. ಬದುಕೇ ಅಲ್ಲಾಡುತ್ತಿರುವವನಿಗೆ ಇದು ಎಲ್ಲಿಂದ ಬರಬೇಕು? ನಮ್ಮ ಗರಡಿಮನೆಯ ಉಸ್ತಾದರನ್ನು ಕೇಳಿ, ಅವರೂ ಇದನ್ನೇ ಹೇಳಿಯಾರು. ಬಡವರೆಲ್ಲ ಒಂದೇ ಅಂತ ನೋಡುವ ಕಣ್ಣಿಗೆ ಅವರೊಳಗಿನ ಈ ಮೇಲುಕೀಳು ಕಾಣುವುದೇ ಇಲ್ಲ.

ಒಂದು ಮಾತು ಮಾತ್ರ ನಿಮ್ಮ ಕಡೆಯಿಂದ ಹೇಳಬೇಕು. ವಾಕಾಂ ಬೇಕೆಂದಾಗ ಗ್ಲವ್ಸ್ ಬಿಚ್ಚಿಟ್ಟು ವಿಶ್ವವಿದ್ಯಾಲಯಕ್ಕೆ ನಡೆದುಬಿಡಬಹುದಿತ್ತು. ಜೊತೆಯವರಿಗೆ ಆ ಬಾಗಿಲು ಇರಲಿಲ್ಲ. ಒಟ್ಟಿಗೆ ಬೆವರು ಸುರಿಸಿದ ಮಾತ್ರಕ್ಕೆ ಆ ಅಂತರ ಅಳಿಸಿಹೋಗಲ್ಲ. ಹಾಗಂತ ಅವರು ಕಂಡದ್ದು ಸುಳ್ಳಾಗುವುದೂ ಇಲ್ಲ.

ಇನ್ನು ಪಂದ್ಯದ ವಿಷಯ. 1990ರಲ್ಲಿ ಷಿಕಾಗೋದ ಗೋಲ್ಡನ್ ಗ್ಲವ್ಸ್ ಪಂದ್ಯಾವಳಿಯಲ್ಲಿ ರಿಂಗ್‌ಗೆ ಇಳಿದರು. ಸೋತರು. ಡಾಕ್ಟರೇಟ್ 1994ರಲ್ಲಿ ಬಂತು.

– ಸಂ.