ಅಮ್ಮನಿಂದ ಬಂದ ಸ್ವಲ್ಪ ಹಣ: ಠೇವಣಿಯಾ, ಶೇರಾ, ಸಾಲ ತೀರಿಸುವುದಾ?

ನೀವು ಕೇಳಿರುವುದು ಇಷ್ಟು: ಅಮ್ಮ ತೀರಿಕೊಂಡ ಮೇಲೆ ಸುಮಾರು ಒಂದು ವರ್ಷದ ಸಂಬಳದಷ್ಟು ಹಣ ಕೈಗೆ ಬಂದಿದೆ. ಠೇವಣಿ ಇಡುವುದಾ, ಶೇರಿಗೆ ಹಾಕುವುದಾ, ಸಾಲ ತೀರಿಸುವುದಾ ಗೊತ್ತಾಗುತ್ತಿಲ್ಲ. ಕಳೆದುಕೊಂಡರೆ ಅಮ್ಮನ ದುಡಿಮೆಯನ್ನೇ ಹಾಳು ಮಾಡಿದ ಹಾಗೆ ಅನ್ನಿಸುತ್ತಿದೆ.

ಆ ಭಯ ನನಗೆ ಗೊತ್ತು. ಅಪ್ಪ ಹೋದಾಗ ನನಗೂ ಹೀಗೇ ಹಣ ಬಂದಿತ್ತು. ನನ್ನ ಸಂಬಳದ ದುಡ್ಡಾಗಿದ್ದರೆ ಒಂದೇ ಸಂಜೆಯಲ್ಲಿ ತೀರ್ಮಾನ ಮಾಡಿಬಿಡುತ್ತಿದ್ದೆ. ಅಪ್ಪನ ದುಡ್ಡು ಅಂದ ಕೂಡಲೇ ಮುಟ್ಟುವುದಕ್ಕೇ ಕೈ ಬರಲಿಲ್ಲ. ಕೆಲವು ತಿಂಗಳು ಉಳಿತಾಯ ಖಾತೆಯಲ್ಲೇ ಬಿಟ್ಟೆ. ಅದರಿಂದ ಏನೂ ಹಾಳಾಗಲಿಲ್ಲ. ನೀವೂ ಅವಸರ ಮಾಡಬೇಡಿ. ದುಃಖ ಹಸಿಯಾಗಿರುವಾಗ ಮಾಡುವ ಸಹಿಗಳು ಆಮೇಲೆ ಕಾಡುತ್ತವೆ.

ಎಲ್ಲಿ ಇಡಬೇಕು ಅಂತ ಯೋಚಿಸುವ ಮೊದಲು, ಈ ಹಣ ಯಾವಾಗ ಬೇಕಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಷ್ಟು ಭಾಗ ಎರಡು ವರ್ಷದೊಳಗೆ, ಇಷ್ಟು ಐದು ವರ್ಷಕ್ಕೆ, ಇಷ್ಟು ನಿವೃತ್ತಿಗೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಾಲದ ವಿಷಯ ಸುಲಭ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಇವತ್ತೇ ತೀರಿಸಿ. ವರ್ಷಕ್ಕೆ ಶೇ. 20ಕ್ಕಿಂತ ಜಾಸ್ತಿ ಬಡ್ಡಿ ಹೋಗುತ್ತಿರುವಾಗ, ಅಷ್ಟನ್ನು ಖಾತ್ರಿಯಾಗಿ ತಂದುಕೊಡುವ ಹೂಡಿಕೆ ಎಲ್ಲೂ ಇಲ್ಲ. ಕಡಿಮೆ ಬಡ್ಡಿಯ ಮನೆ ಸಾಲಕ್ಕೆ ಅಷ್ಟು ಧಾವಂತ ಬೇಡ. ಆರು ತಿಂಗಳ ಮನೆ ಖರ್ಚಿನಷ್ಟು ಹಣ, ಕೇಳಿದ ದಿನವೇ ಕೈಗೆ ಸಿಗುವ ಕಡೆ ಇರಲಿ.

ಎರಡು ಮೂರು ವರ್ಷದೊಳಗೆ ಬೇಕಾಗುವುದು ಠೇವಣಿಗೆ ಹೋಗಲಿ. ಬ್ಯಾಂಕ್ ಮುಳುಗಿದರೆ ವಿಮೆಯಿಂದ ಎಷ್ಟರವರೆಗೆ ವಾಪಸ್ ಸಿಗುತ್ತದೆ ಅಂತ ನೋಡಿಕೊಳ್ಳಿ, ಹೆಚ್ಚಿದ್ದರೆ ಎರಡು ಬ್ಯಾಂಕಿಗೆ ಹಂಚಿ. ಆದರೆ ಎಲ್ಲವನ್ನೂ ಅಲ್ಲೇ ಇಟ್ಟರೆ ಅಮ್ಮನ ದುಡ್ಡು ಸುರಕ್ಷಿತ ಅಂದುಕೊಳ್ಳಬೇಡಿ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ 12 ವರ್ಷಕ್ಕೆ ವಸ್ತುಗಳ ಬೆಲೆ ದುಪ್ಪಟ್ಟಾಗುತ್ತದೆ. ಬಡ್ಡಿ ಅದಕ್ಕಿಂತ ಕಡಿಮೆ ಇದ್ದರೆ ಪಾಸ್‌ಬುಕ್ಕಿನಲ್ಲಿ ಅಂಕಿ ಬೆಳೆಯುತ್ತದೆ, ಕೊಳ್ಳುವ ಶಕ್ತಿ ಕರಗುತ್ತದೆ.

ಹಾಗಾಗಿ ಹತ್ತು ವರ್ಷ ಮುಟ್ಟದ ಭಾಗಕ್ಕೆ ಶೇರು ಬೇಕು ಅಂತಲೇ ನನ್ನ ನಂಬಿಕೆ. ಆದರೆ ಇಳಿತ ಹೇಗಿರುತ್ತದೆ ಅಂತ ಮೊದಲೇ ತಿಳಿದಿರಲಿ. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಶೇರು ಬೆಲೆಯನ್ನು ಒಟ್ಟಾಗಿ ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅರ್ಧಕ್ಕಿಂತ ಜಾಸ್ತಿ ಬಿತ್ತು. ಹಳೆಯ ಮಟ್ಟಕ್ಕೆ ಬರಲು 2013 ಆಗಬೇಕಾಯಿತು. ಜಪಾನಿನ ಶೇರು ಸೂಚ್ಯಂಕ ನಿಕ್ಕೇಯಿ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಒಂದೇ ದೇಶ, ಒಂದೇ ಕಂಪನಿ ನೆಚ್ಚಿಕೊಳ್ಳಬೇಡಿ ಅನ್ನುವುದು ಇದಕ್ಕೇ. ನೂರಾರು ಕಂಪನಿಗಳನ್ನು ಒಟ್ಟಿಗೆ ಕೊಳ್ಳುವ, ಖರ್ಚು ಕಡಿಮೆಯ ಇಂಡೆಕ್ಸ್ ಫಂಡ್ ನಮ್ಮಂಥವರಿಗೆ ಸಾಕು. ಒಮ್ಮೆಲೇ ಹಾಕಿದವರಿಗೇ ಹೆಚ್ಚು ಸಲ ಲಾಭವಾಗಿದೆ, ನಿಜ. ಆದರೂ ನಿಮ್ಮ ಭಯ ನೋಡಿದರೆ ಒಂದು ವರ್ಷದಲ್ಲಿ ಕಂತು ಕಂತಾಗಿ ಹಾಕಿ ಅಂತಲೇ ಹೇಳುತ್ತೇನೆ. ಹಾಕಿದ ಮರುವಾರವೇ ಮಾರುಕಟ್ಟೆ ಬಿದ್ದರೆ ನೀವು ಹೆದರಿ ಮಾರಿಬಿಡಬಹುದು, ನಿಜವಾದ ನಷ್ಟ ಆಗುವುದು ಆಗಲೇ.

ಇನ್ನು ಶುಲ್ಕ. ಹಣ ಬಂದ ಸುದ್ದಿ ಹರಡಿದ ಮೇಲೆ ಒಬ್ಬ ಏಜೆಂಟ್ ನನ್ನ ಮುಂದೆ ಬಣ್ಣದ ಕಾಗದ ಹರಡಿದರು. ವಿಮೆಯೂ ಹೂಡಿಕೆಯೂ ಸೇರಿದ ಯೋಜನೆ. 30 ವರ್ಷದ ಮೊತ್ತ ದಪ್ಪ ಅಕ್ಷರದಲ್ಲಿತ್ತು, ವಾರ್ಷಿಕ ಶುಲ್ಕ ಹಾಳೆಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ನಾನು ಅವರೆದುರೇ ಲೆಕ್ಕ ಹಾಕಿದೆ. ವರ್ಷಕ್ಕೆ ಶೇ. 7 ಬೆಳೆದರೆ ಹಣ 30 ವರ್ಷಕ್ಕೆ ಸುಮಾರು ಏಳೂವರೆ ಪಟ್ಟಾಗುತ್ತದೆ. ಅದರಲ್ಲಿ ಪ್ರತಿ ವರ್ಷ ಶೇ. 1.5 ಶುಲ್ಕಕ್ಕೆ ಹೋದರೆ ಐದು ಪಟ್ಟು ಮಾತ್ರ. ಮೂರನೇ ಒಂದು ಭಾಗ ಶುಲ್ಕಕ್ಕೇ ಹೋಯಿತು, ಅಲ್ವಾ? ಅವರು ಕಾಗದ ಮಡಚಿಕೊಂಡು ಹೊರಟರು. ನಿಮ್ಮ ಹತ್ತಿರ ಯಾರೇ ಬಂದರೂ ಎರಡೇ ಪ್ರಶ್ನೆ ಕೇಳಿ: ಒಟ್ಟು ಶುಲ್ಕ ಎಷ್ಟು, ಮಧ್ಯದಲ್ಲಿ ತೆಗೆದರೆ ಎಷ್ಟು ಹಿಡಿದುಕೊಳ್ಳುತ್ತೀರಿ?

ಅಮ್ಮ ಯಾವುದಾದರೂ ಒಂದೇ ಕಂಪನಿಯ ಶೇರು ಬಿಟ್ಟುಹೋಗಿದ್ದರೆ, ಅದೇ ಮೊತ್ತ ಇವತ್ತು ನಗದಾಗಿ ಬಂದಿದ್ದರೆ ಆ ಶೇರನ್ನೇ ಕೊಳ್ಳುತ್ತಿದ್ದಿರಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ತೆರಿಗೆ ವಿಚಾರಿಸಿಕೊಂಡು ಮಾರಬಹುದು. ಅವರು ತಮ್ಮ ವಯಸ್ಸಿಗೆ, ತಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿದ್ದರು. ನಿಮ್ಮ ಅಗತ್ಯ ಬೇರೆ.

ನಿಮ್ಮ ಸಾಲದ ಬಡ್ಡಿ ಎಷ್ಟು, ಐದು ವರ್ಷದೊಳಗೆ ದೊಡ್ಡ ಖರ್ಚೇನಾದರೂ ಇದೆಯಾ ಅಂತ ಬರೆಯಿರಿ. ಯಾವ ಭಾಗಕ್ಕೆ ಎಷ್ಟು ಅಂತ ಕೂತು ನೋಡೋಣ.