ವೈರಸ್ ಇರೋದು ನಾಲ್ಕೈದು ಕೋಶದಲ್ಲಿ, ಸಾಯೋದು ಯಾಕೆ ಇಷ್ಟೊಂದು?

(ಗುರುತು ಸಿಗದ ಹಾಗೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ದುಡಿಯುವ 31 ವರ್ಷದ ಯುವಕ. ಪಿಯುಸಿಯಲ್ಲಿ ಸೈನ್ಸ್ ಓದಿದವರು. ಇಲ್ಲಿ ಅವರನ್ನು ಶಿವು ಅನ್ನೋಣ. ಎಚ್‌ಐವಿ ಇದೆ ಎಂದು ಗೊತ್ತಾಗಿ ಎರಡು ವರ್ಷ ದಾಟಿತ್ತು. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕೊಟ್ಟ ಮಾತ್ರೆಯನ್ನು ದಿನಾ ರಾತ್ರಿ ತಪ್ಪದೆ ನುಂಗುತ್ತಿದ್ದರು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದಿತ್ತು. ಎಚ್‌ಐವಿ ದಾಳಿ ಮಾಡುವ ರೋಗನಿರೋಧಕ ಕೋಶಗಳ, ಅಂದರೆ ಸಿಡಿ4 ಕೋಶಗಳ ಎಣಿಕೆ 560 ಇತ್ತು. ಆಮೇಲೆ ನಾಲ್ಕು ತಿಂಗಳು ಮಾತ್ರೆಯನ್ನೇ ಬಿಟ್ಟರು. ಅಕ್ಕ ಬಲವಂತ ಮಾಡಿ ಕರೆತಂದಾಗ ನಾಲಿಗೆ ಮೇಲೆ ಬೆಳ್ಳಗೆ ಪದರ ಕಟ್ಟಿತ್ತು. ಸಿಡಿ4 310ಕ್ಕೆ ಇಳಿದಿತ್ತು.

ಯಾಕೆ ಬಿಟ್ಟಿರಿ ಎಂದು ಕೇಳಿದೆ. ಬೈಸಿಕೊಳ್ಳೋಕೆ ತಯಾರಾಗಿ ಬಂದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ನೀಲಿ ಬಣ್ಣ ಹತ್ತಿದ ಹೆಬ್ಬೆರಳ ಉಗುರನ್ನು ಕೆರೆಯುತ್ತಾ ಮೆಲ್ಲಗೆ ಹೇಳಿದರು: "ಮೇಡಂ, ನಾ ಸುಮ್ನ ಬಿಟ್ಟಿಲ್ರಿ. ಫೋನಿನ್ಯಾಗ ಒಂದು ವಿಡಿಯೊ ನೋಡಿದೆ. ನೂರು ಸೆಲ್ ಸತ್ರ ಅದರಾಗ ವೈರಸ್ ಬೆಳೆದಿರೋದು ನಾಕೋ ಐದೋ ಅಂತ್ರಿ. ಮತ್ತ ಉಳಿದವು ಯಾಕ ಸಾಯ್ತಾವ? ಗುಳಿಗಿಯಿಂದನ ಸಾಯ್ತಾವ ಅಂದ ಅವ. ಲೆಕ್ಕ ಖರೇ ಐತಿ ಅನ್ನಿಸ್ತು."

ಇದು ದಡ್ಡ ಪ್ರಶ್ನೆಯಲ್ಲ. 1983ರಲ್ಲಿ ಪ್ಯಾರಿಸ್‌ನ ಪಾಸ್ಟರ್ ಸಂಸ್ಥೆಯವರು ಈ ವೈರಸ್ ಪತ್ತೆ ಹಚ್ಚಿದ ಮೇಲೆ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದಾರೆ. "ಸುಮ್ನೆ ಮಾತ್ರೆ ತಗೊಳ್ಳಪ್ಪ" ಅಂತ ನಾನು ಬಾಯಿ ಮುಚ್ಚಿಸಿದರೆ ಅವರು ಮನೆಗೆ ಹೋಗಿ ಮತ್ತೆ ಅದೇ ವಿಡಿಯೊ ನೋಡುತ್ತಾರೆ, ಅಲ್ವಾ? ಉಪದೇಶ ಬದಿಗಿಟ್ಟೆ. ಹಳೇ ವರದಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಲು ಶುರು ಮಾಡಿದೆ.

ಸಿಡಿ4 ಕೋಶಗಳಲ್ಲಿ ಜಾಸ್ತಿ ಪಾಲು ರಕ್ತದಲ್ಲಿಲ್ಲ. ಕುತ್ತಿಗೆ, ಕಂಕುಳಿನ ಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ ಒತ್ತೊತ್ತಾಗಿ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಕೆಲಸವಿಲ್ಲದೆ ವಿಶ್ರಾಂತಿಯಲ್ಲಿರುವ ಕೋಶಗಳು. ಪಕ್ಕದ ಕೋಶದಿಂದ ವೈರಸ್ ಇವುಗಳ ಒಳಗೂ ನುಗ್ಗುತ್ತದೆ. ನುಗ್ಗಿ ತನ್ನ ಆರ್‌ಎನ್‌ಎ ನೋಡಿಕೊಂಡು ಡಿಎನ್‌ಎ ತಯಾರಿಸಲು ತೊಡಗುತ್ತದೆ. ಆದರೆ ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಆ ಕೆಲಸ ಅರ್ಧಕ್ಕೇ ನಿಂತುಬಿಡುತ್ತದೆ. ಡಿಎನ್‌ಎ ತುಂಡುಗಳು ಒಳಗೆ ಗುಡ್ಡೆ ಬೀಳುತ್ತವೆ. ಹೊರಗಿನವರು ಹೊಕ್ಕಿದ್ದಾರೆ ಎಂದು ಕೋಶಕ್ಕೆ ಗೊತ್ತಾಗುತ್ತದೆ, ಕ್ಯಾಸ್ಪೇಸ್-1 ಎಂಬ ಕಿಣ್ವ ಎಚ್ಚರವಾಗುತ್ತದೆ. ಕೋಶ ಉಬ್ಬಿ, ಪೊರೆಯಲ್ಲಿ ತೂತು ಬಿದ್ದು, ಒಡೆದು ಸಾಯುತ್ತದೆ. ಪೈರಾಪ್ಟೋಸಿಸ್ ಅನ್ನೋದು ಇದಕ್ಕೇ.

ಹಾಗೆ ಸತ್ತ ಕೋಶದಿಂದ ಉರಿಯೂತ ಹೆಚ್ಚಿಸುವ ವಸ್ತುಗಳು ಸುತ್ತ ಚೆಲ್ಲುತ್ತವೆ. ಅದಕ್ಕೆ ಇನ್ನಷ್ಟು ಸಿಡಿ4 ಕೋಶಗಳು ಅಲ್ಲಿಗೆ ಧಾವಿಸುತ್ತವೆ. ಬಣವೆಗೆ ಬಿದ್ದ ಬೆಂಕಿ ಆರಿಸಲು ಓಡಿ ಬಂದವರಿಗೇ ಬೆಂಕಿ ತಗುಲಿದ ಹಾಗೆ, ಬಂದ ಕೋಶಗಳೂ ಅಲ್ಲೇ ಸಾಯುತ್ತವೆ.

2013ರ ಡಿಸೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ವಾರ್ನರ್ ಗ್ರೀನ್ ತಂಡ ಇದನ್ನು 'ನೇಚರ್' ಮತ್ತು 'ಸೈನ್ಸ್' ಪತ್ರಿಕೆಗಳಲ್ಲಿ ಪ್ರಕಟಿಸಿತು. ಮನುಷ್ಯರ ಟಾನ್ಸಿಲ್ ಮತ್ತು ಗುಲ್ಮದ ಅಂಗಾಂಶದಲ್ಲಿ ನೋಡಿದಾಗ ಸಾಯುವ ಸಿಡಿ4 ಕೋಶಗಳಲ್ಲಿ 95%ಕ್ಕೂ ಹೆಚ್ಚು ಹೀಗೆ ಸತ್ತವು. ವೈರಸ್ ಪೂರ್ತಿ ಬೆಳೆದು, ಅಪಾಪ್ಟೋಸಿಸ್ ಎಂಬ ಬೇರೆ ದಾರಿಯಲ್ಲಿ ಸಾಯುವವು ಉಳಿದ ಸುಮಾರು 5% ಮಾತ್ರ.

"ಅಂದ್ರ ವಿಡಿಯೊದಾಗ ಹೇಳಿದ ನಂಬರು ಖರೇನರಿ?"

"ನಂಬರು ಖರೆ, ಅದರಿಂದ ಅವನು ಹೇಳಿದ್ದು ಸುಳ್ಳು. ಆ 95 ಕೋಶದೊಳಗೂ ವೈರಸ್ ಹೋಗಿ ಬಂದಿದೆ. ಬೆಳೆಯಲಿಲ್ಲ, ಆದರೆ ಸಾಯಿಸಿತು."

ಅವರು ತುಂಬ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದರು. ಅಕ್ಕ ಮಾತ್ರ ಬಾಯಿ ಬಿಟ್ಟರು: "ಹಂಗಾದ್ರ ಗುಳಿಗಿ ಏನು ಮಾಡ್ತೈತ್ರಿ?"

ಈ ಒಂದೇ ಮಾತ್ರೆಯಲ್ಲಿ ಮೂರು ಔಷಧಿ ಇವೆ. ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ವೈರಸ್ಸಿನ ಡಿಎನ್‌ಎ ತಯಾರಿಯನ್ನು ತಡೆಯುತ್ತವೆ. ಡೊಲುಟೆಗ್ರಾವಿರ್ ಆ ಡಿಎನ್‌ಎ ನಮ್ಮ ಕೋಶದ ಡಿಎನ್‌ಎ ಜೊತೆ ಸೇರದಂತೆ ನೋಡಿಕೊಳ್ಳುತ್ತದೆ. ಹೊಸ ವೈರಸ್ ಹುಟ್ಟದಿದ್ದರೆ ಪಕ್ಕದ ಕೋಶಕ್ಕೆ ನುಗ್ಗಲು ಏನೂ ಇರುವುದಿಲ್ಲ. ಆದರೆ ಕೆಲವು ಕೋಶಗಳಲ್ಲಿ ವೈರಸ್ ಸದ್ದಿಲ್ಲದೆ ಮಲಗಿರುತ್ತದೆ, ಮಾತ್ರೆ ಅದನ್ನು ಮುಟ್ಟಲಾಗದು. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಏಳುತ್ತದೆ. ಅವರಿಗೆ ಆದದ್ದು ಇದೇ.

ಇನ್ನೂ ಒಂದು ಮಾತು ಹೇಳಿದೆ. ಮಾತ್ರೆ ಬಿಟ್ಟು ನೋಡುವ ಪ್ರಯೋಗ ಜಗತ್ತಿನಲ್ಲಿ ಆಗಲೇ ನಡೆದಿದೆ. ಸ್ಮಾರ್ಟ್ ಎಂಬ ಅಧ್ಯಯನದಲ್ಲಿ 33 ದೇಶಗಳ 5,472 ಜನ ಇದ್ದರು. ಒಂದು ಗುಂಪಿನವರು ಸಿಡಿ4 ಚೆನ್ನಾಗಿದ್ದಾಗ ಔಷಧಿ ನಿಲ್ಲಿಸಿ, ಇಳಿದಾಗ ಮತ್ತೆ ಶುರು ಮಾಡುತ್ತಿದ್ದರು. ಆ ಗುಂಪಿನಲ್ಲಿ ಕಾಯಿಲೆ, ಸಾವು ಎರಡೂವರೆ ಪಟ್ಟು ಜಾಸ್ತಿಯಾದವು. 2006ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು. ಔಷಧಿಯೇ ಕೋಶಗಳನ್ನು ಕೊಲ್ಲುತ್ತಿದ್ದರೆ, ಬಿಟ್ಟವರು ಚೆನ್ನಾಗಿರಬೇಕಿತ್ತು.

ವಿಡಿಯೊ ಅರ್ಧ ಕಾರಣ ಮಾತ್ರ ಎಂಬುದು ಅಕ್ಕ ಹೊರಗೆ ಹೋದ ಮೇಲೆ ತಿಳಿಯಿತು. ಮಾತ್ರೆ ತರಲು ಹೋದಾಗ ಸಾಲಿನಲ್ಲಿ ಅವರ ಘಟಕದವನೊಬ್ಬ ಕಂಡಿದ್ದ. ಅಂದಿನಿಂದ ಆ ಕಡೆ ಕಾಲು ಹಾಕಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಮದುವೆ ಮಾತು ಬೇರೆ. ನನ್ನ ಅನುಭವದಲ್ಲಿ ಮಾತ್ರೆ ಬಿಡಿಸುವುದು ಬಹುಪಾಲು ಇಂಥ ಭಯವೇ. ತಪ್ಪು ಮಾಹಿತಿ ಅದಕ್ಕೆ ನೆಪ ಒದಗಿಸುತ್ತದೆ.

ನಾನು ಕೊಟ್ಟ ಸಲಹೆ: ಮನೆಯಲ್ಲಿ ಉಳಿದ ಮಾತ್ರೆಯನ್ನು ತಾವಾಗಿ ಶುರು ಮಾಡಬೇಡಿ, ಇವತ್ತೇ ವೈದ್ಯರನ್ನು ಕಾಣಿ. ನಾಲಿಗೆಗೆ ಚಿಕಿತ್ಸೆ ಬೇಕು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಮುಚ್ಚಿಡದೆ ಹೇಳಿ, ಟಿಬಿ ಪರೀಕ್ಷೆ ಮೊದಲು ಆಗಬೇಕು. ಗ್ಯಾಸಿನ ಮಾತ್ರೆ ಆಗಾಗ ನುಂಗುತ್ತೇನೆ ಎಂದರು. ಆಂಟಾಸಿಡ್ ಆದರೆ ಅದು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತದೆ, ಎಚ್‌ಐವಿ ಮಾತ್ರೆಯನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತಗೊಳ್ಳಿ ಎಂದೆ. ಬೇರೆ ಎಆರ್‌ಟಿ ಕೇಂದ್ರಕ್ಕೆ ವರ್ಗಾವಣೆ ಕೇಳಬಹುದು. ಆರೋಗ್ಯ ಸ್ಥಿರವಾದ ಮೇಲೆ ಒಮ್ಮೆಗೇ ಕೆಲವು ತಿಂಗಳ ಮಾತ್ರೆ ಕೊಡುತ್ತಾರೆ, ಪದೇ ಪದೇ ಹೋಗಬೇಕಿಲ್ಲ. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಆ ಸಾಲಿನಲ್ಲಿ ಕಂಡವನೂ ಬಹುಶಃ ನಿಮ್ಮಷ್ಟೇ ಹೆದರಿದ್ದ ಎಂದೂ ಹೇಳಿದೆ. ರಾತ್ರಿ ಹೊತ್ತು ಮನಸ್ಸು ಕುಗ್ಗಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದು ಉಚಿತ.

ಮದುವೆ ಬಗ್ಗೆ ನೇರವಾಗಿ ಹೇಳಿದೆ. ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ದೈಹಿಕ ಸಂಬಂಧದಿಂದ ಸೋಂಕು ಹರಡದು. ಮಕ್ಕಳೂ ಆಗಬಹುದು. ಆದರೆ ಹುಡುಗಿಗೆ ಹೇಳದೆ ಮದುವೆಯಾಗುವುದು ಸರಿಯಲ್ಲ. ಹೇಳುವಾಗ ಜೊತೆಗೆ ನಾನಿರುತ್ತೇನೆ.

ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ವೈರಸ್ ಮತ್ತೆ ಪತ್ತೆಯಾಗಲಿಲ್ಲ. ಸಿಡಿ4 430ಕ್ಕೆ ಏರಿದೆ. ಮನೆಯವರ ಹತ್ತಿರ ಒಂದು ವರ್ಷ ಮದುವೆ ಮಾತು ಬೇಡ ಎಂದು ಅವರೇ ಹೇಳಿದ್ದಾರೆ.